ಗಾಳಿಗೆ ಬಿಟ್ಟ ಹಾಸು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಅತ್ತಿ, ಅಪ್ಪನ ಅಕ್ಕ. ಸಿಟ್ಟಿನಿಂದಲ್ಲ. ರಾಟಿ ತಿರುಗಿಸುತ್ತ, ನನ್ನ ಕಡೆ ನೋಡದೆ ಹೇಳಿದ್ದರು: "ಈ ಮನ್ಯಾಗ ಕಲ್ಲ ಹೇರಲಾರದ ಒಂದು ಹಾಳಿ ನಿಂತಿಲ್ಲ. ನಿನ್ನ ಡಿಗ್ರಿ ಹ್ಯಾಂಗ ನಿಲ್ತೈತಿ?"

ಮಾತು ಸುಳ್ಳಲ್ಲ. ಗಜೇಂದ್ರಗಡದಲ್ಲಿ ನಮ್ಮ ಮನೆ ಗುಡ್ಡದ ಬುಡಕ್ಕೆ, ಪಡುವಣಕ್ಕೆ ಬಾಗಿಲು. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಫ್ಯಾನುಗಳಿವೆ. ಗಾಳಿ ಹುಡುಕಿಕೊಂಡು ಎಲ್ಲಿಂದಲೋ ಬಂದವರು ನಿಲ್ಲಿಸಿದ್ದು. ನಮಗೆ ಅದನ್ನು ಹುಡುಕುವ ಕೆಲಸವಿರಲಿಲ್ಲ. ರೊಟ್ಟಿ ಬಡಿಯುವಾಗ ಹಿಟ್ಟು ಹಾರುತ್ತಿತ್ತು, ಒಲೆಯ ಉರಿ ಅಡ್ಡ ಮಲಗುತ್ತಿತ್ತು, ಸೂರಿನ ತಗಡು ಹಗಲಿರುಳು ಒದರುತ್ತಿತ್ತು. ಆ ಸದ್ದಿನ ಮೇಲೆ ಕೇಳಲೆಂದು ನಾವು ಜೋರಾಗಿ ಮಾತಾಡಿದರೆ, ಮನೆಗೆ ಬಂದ ಬೀಗರು ಜಗಳವೆಂದು ತಿಳಿಯುತ್ತಿದ್ದರು.

ನಮ್ಮದು ಕೈಮಗ್ಗದ ಮನೆ. ಗಾಳಿ ನೂಲಿನ ತೇವ ಹೀರುತ್ತದೆ. ಒಣಗಿದ ಎಳೆ ಲಾಳಿ ಹೊಡೆದಂತೆಲ್ಲ ಹರಿಯುತ್ತದೆ. ಅದಕ್ಕೇ ಅಪ್ಪ ಕಿಟಕಿಗಳಿಗೆ ಹಸಿ ಗೋಣಿಚೀಲ ಬಿಗಿದಿದ್ದ. ಒಳಗೆ ಓದಲು ಬೆಳಕಿಲ್ಲ, ಹೊರಗೆ ಕಟ್ಟೆಯ ಮೇಲೆ ಓದಲು ಗಾಳಿ ಬಿಡುವುದಿಲ್ಲ. ಪುಸ್ತಕದ ಎರಡೂ ಬದಿಗೆ ಕಲ್ಲಿಟ್ಟು ಓದಿದೆ. ಪುಟ ತಿರುವಬೇಕೆಂದರೆ ಕಲ್ಲೆತ್ತಬೇಕು, ಮತ್ತೆ ಇಡಬೇಕು. ಕಣ್ಣಲ್ಲಿ ಸದಾ ಮಣ್ಣು. ಎಷ್ಟೋ ಸಲ ಪುಸ್ತಕವನ್ನೇ ಗಾಳಿಗೆ ಎಸೆದುಬಿಡೋಣ ಅನ್ನಿಸಿದ್ದುಂಟು.

ಎಲ್ಲಕ್ಕಿಂತ ಕಷ್ಟ ಹಾಸಿನ ಕೆಲಸ. ಸೀರೆಯ ಉದ್ದದ ಎಳೆಗಳೇ ಹಾಸು; ಅವನ್ನೆಲ್ಲ ಓಣಿಯುದ್ದಕ್ಕೂ ಬಿಗಿದು, ಗಂಜಿ ಸವರಿ, ಅದು ಒಣಗುವ ಮೊದಲೇ ಎಳೆಯಿಂದ ಎಳೆ ಬಿಡಿಸಬೇಕು. ಬಿಡಿಸುವ ಮೊದಲೇ ಒಣಗಿದರೆ ಎಳೆಗಳೆಲ್ಲ ಅಂಟಿ ಹಾಸು ಕೆಟ್ಟಂತೆ. ಮೊದಲು ಓಣಿಯವರೆಲ್ಲ ಕೈ ಕೂಡಿಸುತ್ತಿದ್ದರಂತೆ. ಒಂದೊಂದಾಗಿ ಅವರ ಮಗ್ಗಗಳು ನಿಂತವು. ಅವ್ವ ತೀರಿದ ಮೇಲೆ ಉಳಿದದ್ದು ಅಪ್ಪ, ನಾನು, ಕಣ್ಣು ಮಂಜಾದ ಅತ್ತಿ.

ನನ್ನ ಕೊನೆಯ ಪರೀಕ್ಷೆ ಆಷಾಢದಲ್ಲಿ ಬಂತು. ಅದೊಂದು ಬರೆದರೆ ಡಿಗ್ರಿ, ಬಿಟ್ಟರೆ ಮುಂದಿನ ವರ್ಷ. ಮುಂದಿನ ವರ್ಷ ನಮ್ಮಂಥ ಮನೆಯಲ್ಲಿ ಬರುವುದೇ ಇಲ್ಲ. ವಾರವಿಡೀ ಜಿಟಿಜಿಟಿ ಮಳೆ ಹಿಡಿದು ಹಾಸು ಹಾಕಲು ಆಗಿರಲಿಲ್ಲ, ನೂಲು ಮುಗ್ಗುತ್ತಿತ್ತು. ಪರೀಕ್ಷೆಯ ದಿನವೇ ಮಳೆ ಬಿಟ್ಟು, ಬೆಳಗಿನಲ್ಲಿ ಗಾಳಿಯೂ ನಿಂತಿತು. ಪರೀಕ್ಷೆಗೆ ಹೋಗುವ ರೋಣದ ಬಸ್ಸಿಗೆ ಇನ್ನೂ ಹೊತ್ತಿತ್ತು. ಲಗೂ ಮುಗಿಸೋಣವೆಂದು ಅಪ್ಪ ಗೂಟ ಬಡಿದ.

ಅರ್ಧ ಹಾಸಿಗಷ್ಟೇ ಗಂಜಿಯ ಕುಂಚ ಮುಟ್ಟಿತ್ತು, ಗುಡ್ಡದ ಮೇಲಿನ ಫ್ಯಾನೊಂದು ತಿರುಗಿದ್ದು ಕಂಡಿತು. ಆಮೇಲೆ ಇನ್ನೊಂದು. ಅತ್ತಿಯ ಕಣ್ಣಿಗೆ ಫ್ಯಾನು ಕಾಣದಿದ್ದರೂ ಕೆನ್ನೆಗೆ ಗೊತ್ತಾಯಿತು.

"ಬಂತು ನೋಡು. ಗಾಳಿ ಏನು ನಿಮ್ಮಪ್ಪನ ಮನಿ ಆಳ, ನೀ ಪರೀಕ್ಷಾ ಬರಿಯೂತನ ನಿಲ್ಲಾಕ?"

ನನ್ನ ಬೆರಳುಗಳು ಎಳೆಗಳ ನಡುವೆ ಇದ್ದವು. ಬಸ್ ಸ್ಟ್ಯಾಂಡಿನ ಕಡೆ ನೋಡಿದೆ, ಅಪ್ಪನ ಕಡೆ ನೋಡಿದೆ. ಅವನು ಕುಂಚ ನಿಲ್ಲಿಸಲಿಲ್ಲ.

"ನೀ ಕೈ ಬಿಟ್ರ ಹಾಸು ಹೋತು, ಯವ್ವಾ," ಅಂದ. "ಆದ್ರ ಹೋಗಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು."

ನಾನು ಕೈ ಬಿಟ್ಟೆ. ಓಡಿದೆ. ಬಸ್ಸಿನಲ್ಲಿ ಕೂತು ನೋಡಿಕೊಂಡರೆ ಬೆರಳಿಗೆಲ್ಲ ಗಂಜಿ ಒಣಗಿ ಬಿರಿದಿತ್ತು. ಆ ಕೈಯಿಂದಲೇ ಬರೆದೆ. ಏನು ಬರೆದೆನೋ ಇವತ್ತಿಗೂ ನೆನಪಿಲ್ಲ.

ಸಂಜೆ ಮನೆಗೆ ಬಂದರೆ ಹಾಸು ಒಣಗಿದ ತೊಗಲಿನಂತೆ ಬಿದ್ದಿತ್ತು. ಅತ್ತಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಕಣ್ಣು ಕಾಣದಿದ್ದರೂ ಉಗುರಿನಿಂದ ಎಳೆ ಬಿಡಿಸುತ್ತಿದ್ದರು. ಬಿಡಿಸಿದ್ದೆಲ್ಲ ಹರಿಯುತ್ತಿತ್ತು. ಬರೆದೆಯಾ ಎಂದು ಕೇಳಿದರು. ಬರೆದೆ ಎಂದೆ. ಅವರು ಇನ್ನೊಂದು ಎಳೆಗೆ ಉಗುರು ಹಾಕಿದರು.

ಹೊಸ ನೂಲು ಸಿಗುವ ತನಕ ಅಪ್ಪ ರೋಣದ ಪ್ಯಾಟಿಯಲ್ಲಿ ಜೋಳದ ಚೀಲ ಹೊತ್ತ. ನೇಕಾರನ ಬೆನ್ನು ಕೂತು ಬಾಗಿದ ಬೆನ್ನು. ಚೀಲಕ್ಕೆ ಅದು ಒಗ್ಗಲಿಲ್ಲ. ಅವನು ಗೋಡೆ ಹಿಡಿದು ಒಳಗೆ ಬರುವಾಗ ನಾನು ರೊಟ್ಟಿ ಬಡಿಯುತ್ತ ತಲೆ ಎತ್ತುತ್ತಿರಲಿಲ್ಲ. ಫೇಲಾದರೆ ಹಾಸು, ಡಿಗ್ರಿ ಎರಡೂ ಹೋದಂತೆ. ಕೆಟ್ಟ ಹಾಸನ್ನು ಅಪ್ಪ ಹುರಿ ಹೊಸೆದು, ಸೂರು ಹಾರದಂತೆ ತಗಡಿಗೆ ಬಿಗಿದ. ಇವತ್ತಿಗೂ ಅಲ್ಲೇ ಇದೆ.

ಪಾಸಾದೆ. ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವರು ನನಗಿಂತ ಮೊದಲು ಯಾರೂ ಇಲ್ಲ. ಇದನ್ನು ನಾನು ಸಣ್ಣ ದನಿಯಲ್ಲಿ ಹೇಳುವುದಿಲ್ಲ.

ಸರ್ಟಿಫಿಕೇಟು ಕೈಗೆ ಬಂದ ದಿನ, ಬಸ್ಸಿಳಿದು ಅದನ್ನು ಸೆರಗಿನೊಳಗೆ ಅವಚಿಕೊಂಡು ಮನೆ ಸೇರಿದೆ. ಅಪ್ಪನಿಗೆ ಕೊಡಹೋದರೆ, ನಿಮ್ಮ ಅತ್ತಿಯ ಕೈಗೆ ಕೊಡು ಎಂದು ಮುಖ ತಿರುಗಿಸಿದ. ಅತ್ತಿಯ ಕೈಯಲ್ಲಿಟ್ಟೆ. ಅವರಿಗೆ ಓದು ಬಾರದು. ನೂಲು ನೋಡುವ ಹಾಗೆ ಹೆಬ್ಬೆರಳಿನಿಂದ ಅಂಚು ತೀಡಿದರು, ಈ ಮೂಲೆಯಿಂದ ಆ ಮೂಲೆಯ ತನಕ.

"ಗಂಜಿ ಚಲೋ ಕುಂತೈತಿ," ಅಂದರು.