ಕಿಟಕಿಗೆ ಹಿಡಿದ ಬಾಟಲಿ

ಕೊಲ್ಲಿ ನಾಡಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ಮಂಗಳೂರಿನ ನರ್ಸ್ ಆಂಟಿ ಮೇಪಲ್ ಸಿರಪ್ಪನ್ನು ಅಂಗಡಿಯಿಂದ ಕೊಂಡವರಲ್ಲ. ಅವರ ಆಸ್ಪತ್ರೆಯ ಕೆನಡಾದ ಡಾಕ್ಟರಮ್ಮನ ತಂದೆತಾಯಿ, ಮನೆಯ ಹಿಂದಿನ ಮೇಪಲ್ ಮರಗಳಿಂದ ರಸ ಇಳಿಸಿ ಸೌದೆ ಒಲೆಯಲ್ಲಿ ಕಾಯಿಸುತ್ತಿದ್ದರಂತೆ. ಡಾಕ್ಟರಮ್ಮ ರಜೆಗೆ ಹೊರಡುವ ಮೊದಲೇ ಆಂಟಿ ದುಡ್ಡು ಕೊಟ್ಟು ಒಂದು ಬಾಟಲಿ ಹೇಳಿಡುತ್ತಿದ್ದರು.

ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡದೆ ಅವರು ಮುಚ್ಚಳ ತೆಗೆದದ್ದೇ ಇಲ್ಲ. ಇಡ್ಲಿಯಂಥ ಬಿಸಿ ಸಾನ್ನಗಳ ಮೇಲೆ ಸುರಿದು, ಬಾಟಲಿಯ ಕತ್ತಿಗಿಳಿದ ಹನಿಯನ್ನು ಬೆರಳಲ್ಲಿ ಒರೆಸಿ ನೆಕ್ಕುತ್ತಿದ್ದರು. ನನಗೂ ಸಾನ್ನ ತುಂಬಿದ ಒಂದು ಡಬ್ಬಿ ಬರುತ್ತಿತ್ತು. ತೊಳೆದು ವಾಪಸ್ ಕೊಟ್ಟರೆ ಗದರುತ್ತಿದ್ದರು: "ಖಾಲಿ ಕೊಡ್ಲಿಕ್ಕುಂಟಾ ಮಾರಾಯ್ತಿ? ಎರಡು ಬಾಳೆಹಣ್ಣಾದ್ರೂ ಹಾಕು."

ಒಂದು ವರ್ಷ ಡಾಕ್ಟರಮ್ಮ ಊರಿಗೆ ಹೊರಟಾಗ, ಆಂಟಿ ಮುಗಿದ ಬಾಟಲಿಗೆ ನಮ್ಮೂರ ಕಡೆಯ, ಪಾಕದಂಥ ಜೋನಿ ಬೆಲ್ಲ ತುಂಬಿ ಅವರ ತಂದೆತಾಯಿಗೆ ಕಳಿಸಿದರು.

"ಅವರಿಗೆ ಇದೇನಂತ ಗೊತ್ತಾಗ್ತದಾ ಆಂಟಿ?"

"ಪಾಕ ಕಾಯಿಸುವವರಿಗೆ ಪಾಕ ಗೊತ್ತಾಗುದಿಲ್ವಾ?"

ಡಾಕ್ಟರಮ್ಮ ತಿರುಗಿ ಬಂದಾಗ ಅದೇ ಬಾಟಲಿ ಬಂತು, ಮತ್ತೆ ತುಂಬಿಕೊಂಡು. ಆಂಟಿ ಅವತ್ತು ಬಣ್ಣ ನೋಡುವುದನ್ನೂ ಮರೆತರು. ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು, "ನೋಡು, ಅಲ್ಲಿಯೂ ಖಾಲಿ ಕೊಡ್ಲಿಕ್ಕಿಲ್ಲ" ಎಂದರು.

ನಿವೃತ್ತರಾಗಿ ಮಂಗಳೂರಿಗೆ ಹೊರಟ ದಿನ, ಅರ್ಧ ಉಳಿದಿದ್ದ ಆ ಬಾಟಲಿಯನ್ನು ನನ್ನ ಕೈಗಿಟ್ಟರು. ಅದು ಮುಗಿದು ವರ್ಷವಾಯಿತು. ಈ ರಜೆಗೆ ನಾನು ಮಂಗಳೂರಿಗೆ ಹೋಗುತ್ತಿದ್ದೇನೆ. ಇಲ್ಲಿಯ ಮರುಭೂಮಿಯಂಚಿನ ಲಿವಾದ ತೋಟದವರೊಬ್ಬರು ಮನೆಯಲ್ಲೇ ಮಾಡಿದ ಖರ್ಜೂರದ ಪಾಕವನ್ನು ಅದೇ ಬಾಟಲಿಗೆ ತುಂಬಿದ್ದೇನೆ. ಬಹಳ ಕಪ್ಪಾಗಿದೆ. ಆಂಟಿ ಅದನ್ನು ಕಿಟಕಿಗೆ ಹಿಡಿಯುವಾಗ ಪಕ್ಕದಲ್ಲಿ ನಿಂತಿರಬೇಕು ನಾನು.