ಕದಿರಮ್ಮನ ಶುಕ್ರವಾರದ ಕಾಯಿ

ಬಂಗಾರಪೇಟೆ ಹತ್ತಿರದ ಹಳ್ಳಿ. ಇನ್ನೂ ಬೆಳಕು ಹರಿಯುತ್ತಿದೆ. ರಾಗಿ ಹೊಲದ ಬದುವಿನಲ್ಲಿ ಚಪ್ಪಲಿ ಬಿಟ್ಟ ಕದಿರಮ್ಮ, ತೊಟ್ಟಿಲಲ್ಲಿ ಮಲಗಿದ ಮಗುವಿನ ಬಳಿ ಹೋಗುವವರಂತೆ ಹೆಜ್ಜೆ ಇಡುತ್ತಾರೆ. ಬಂಡೆಯ ಮೇಲೊಂದು ಸಿಮೆಂಟಿನ ಗುಂಡಿ, ಅದಕ್ಕೆ ಕಬ್ಬಿಣದ ಮುಚ್ಚಳ. ಪಕ್ಕದ ಸೋಲಾರ್ ಹಲಗೆಯ ಇಬ್ಬನಿ ಒರೆಸಿ, ಹಸಿರು ದೀಪ ನೋಡಿ, ಮುಚ್ಚಳಕ್ಕೆ ಕುಂಕುಮ ಇಟ್ಟು ಹೂ ಮುಡಿಸುತ್ತಾರೆ. ಆಮೇಲೆ ತೆಂಗಿನಕಾಯಿ ಹಿಡಿದು ದೂರದ ಹುಣಸೆ ಮರದತ್ತ ನಡೆಯುತ್ತಾರೆ. ಕಾಯಿ ಒಡೆಯುವುದು ಅಲ್ಲಿ.

ಗುಂಡಿಯೊಳಗಿರುವುದು ಭೂಕಂಪನ ಅಳೆಯುವ ಯಂತ್ರ. ಹಿಂದೂ ಮಹಾಸಾಗರದ ನಡುವೆ ಬೆಂಕಿ ಉಗುಳುವ ಬೆಟ್ಟವಿರುವ ಒಂದು ದ್ವೀಪ. ಆ ಬೆಂಕಿ ಕಡಲ ತಳದ ಕೆಳಗೇ ಹುಟ್ಟುತ್ತದೆಯೋ, ಭೂಮಿಯ ಒಡಲಾಳದಿಂದ ಏರಿಬರುತ್ತದೆಯೋ ಎಂದು ಬೆಂಗಳೂರಿನ ಸಂಶೋಧಕರು ಹುಡುಕುತ್ತಿದ್ದಾರೆ. ದ್ವೀಪದಾಚೆ ನೆಲ ನಡುಗಿದರೆ ಅದರ ಅಲೆ ದ್ವೀಪದ ಅಡಿಯಿಂದ ಹಾದು ಈ ಬಂಡೆಯವರೆಗೂ ಬರುತ್ತದೆ. ದಾರಿಯಲ್ಲಿ ಕಾದ ಕಲ್ಲು ಸಿಕ್ಕರೆ ತಡವಾಗುತ್ತದೆ. ಆ ತಡವೇ ಬೆಂಕಿಯ ಬೇರಿನ ಸುಳಿವು.

ಕಡಲಡಿಯ ಬಡಬಾಗ್ನಿಗೆ ಕುದುರೆ ಮುಖ ಎನ್ನುತ್ತಿದ್ದರು ನನ್ನಜ್ಜಿ. ಹೇಳಿದರೆ ಕದಿರಮ್ಮ ನಗುತ್ತಾರೆ. "ನಮ್ಮವ್ವನೂ ಯೋಳ್ತಿದ್ಲು. ಬೇರು ಎಲ್ಲೈತೆ ಅಂತ ಮಾತ್ರ ಅವ್ಳಿಗೂ ಗೊತ್ತಿರ್ಲಿಲ್ಲ ಕಣಮ್ಮ."

ಅವರ ಅಪ್ಪ ಮುನಿಸ್ವಾಮಪ್ಪ ಕೆಜಿಎಫ್ ಗಣಿಯ ಕೆಲಸಗಾರ. ಆಂಡರ್ಸನ್‌ಪೇಟೆಯ ಅವರ ಮನೆಯಲ್ಲಿ, ಆಳದಲ್ಲಿ ಬಂಡೆ ಸಿಡಿದರೆ ಅಡುಗೆಮನೆಯ ತಟ್ಟೆಗಳು ಗಲಗಲ ಎನ್ನುತ್ತಿದ್ದವು. "ಅಪ್ಪ ಬರೋಗಂಟ ಅವ್ವ ಬಾಗ್ಲಲ್ಲೇ ನಿಂತಿರೋಳು. ನೆಲ ಸುಮ್ಕಿದ್ದ ದಿನಾನೇ ನಮಗೆ ಅಬ್ಬ." ಹೀಗಾಗಿ ಸಂಶೋಧಕರು ಯಂತ್ರಕ್ಕೆ ಜಾಗ ಕೇಳಿದಾಗ ಕದಿರಮ್ಮ ಇಲ್ಲವೆನ್ನಲಿಲ್ಲ. ಕಾವಲೂ ಅವರದೇ ಆಯಿತು. ಹತ್ತಿರದಲ್ಲಿ ಏನು ಅದುರಿದರೂ ಯಂತ್ರ ಅದನ್ನೂ ಬರೆದುಕೊಳ್ಳುತ್ತದೆ. "ನೆಂಟ್ರು ಬಂದ್ರೂ ಗಾಡಿ ರೋಡಲ್ಲೇ ನಿಲ್ಸಿ ಅಂತಾಳೆ. ನಾನು ಗಟ್ಟಿಯಾಗಿ ಸೀನಂಗಿಲ್ಲ!" ಹಾಲಿನ ಕ್ಯಾನು ತೊಳೆಯುತ್ತಾ ಗಂಡ ವೆಂಕಟರಾಯಪ್ಪ ಛೇಡಿಸುತ್ತಾರೆ.

ಆದರೆ ಹೋದ ವರ್ಷ ಯಂತ್ರವೇ ಕೈಬಿಟ್ಟು ಹೋಗುವುದರಲ್ಲಿತ್ತು. ಪ್ರತಿ ಶುಕ್ರವಾರ ಬೆಳಿಗ್ಗೆ ಯಂತ್ರ ಬರೆಯುವ ಕಂಪನದ ಗೆರೆ ಮೇಲಕ್ಕೆ ಚಿಮ್ಮುತ್ತಿತ್ತು. ಬಹುದಿನ ಕಾದಿದ್ದ ಅಲೆಯೊಂದು ಅದೇ ಹೊತ್ತಿಗೆ ಬಂದು ಆ ಗದ್ದಲದಲ್ಲಿ ಕಳೆದುಹೋಯಿತು. ಕಾರಣ ಸಿಗದಿದ್ದರೆ ಯಂತ್ರ ಬೇರೆ ಊರಿಗೆ ಎಂದರು ಬೆಂಗಳೂರಿನವರು. ಕದಿರಮ್ಮನಿಗೆ ಅನ್ನ ಸೇರಲಿಲ್ಲ. ಸಂಶೋಧಕ ಸುಧಾಕರ್ ಶುಕ್ರವಾರ ನಸುಕಿಗೇ ಬಂದು ಹೊಲದಂಚಲ್ಲಿ ನಿಂತರು. ಯಂತ್ರ ಉಳಿಯಲೆಂದು ಬೇಡಿಕೊಂಡು, ಕದಿರಮ್ಮ ಮುಚ್ಚಳದ ಮೇಲೇ ಫಟ್ಟನೆ ಕಾಯಿ ಒಡೆದರು!

"ಅಮ್ಮಾ, ಇದೇನಾ ಪ್ರತಿ ವಾರ?"

"ದುಡಿಯೋ ಮಿಷನ್ನಿಗೆ ಪೂಜೆ ಬ್ಯಾಡ್ವಾ ಸಾ?"

ಸುಧಾಕರ್ ನಕ್ಕು ನಕ್ಕು ಬದುವಿನ ಮೇಲೇ ಕೂತರಂತೆ. ಒಂದು ಹೋಳು ತಿಂದು ಹೇಳಿದರು: "ಪೂಜೆ ಮಾಡಿ. ಕಾಯಿ ಮಾತ್ರ ಆಚೆ."

ಅಂದಿನಿಂದ ಶುಕ್ರವಾರದ ಗೆರೆ ತಣ್ಣಗಿದೆ. ಯಂತ್ರ ಇಲ್ಲೇ ಉಳಿದಿದೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ಕದಿರಮ್ಮ ಸೆರಗು ಸಿಕ್ಕಿಸಿಕೊಂಡು ಗುಂಡಿಯತ್ತ ನೋಡುತ್ತಾರೆ.

"ಬೇರು ಸಿಕ್ತು ಅಂತ ಅವ್ರು ಫೋನ್ ಮಾಡ್ಲಿ. ಅವತ್ತೊಂದಿನ ಕಾಯಿ ಇದ್ರ ಮ್ಯಾಲೇ ಒಡೀತೀನಿ. ಗೆರೆ ಎಗರ್ಲಿ ಬುಡು, ನಾನೇ ಅಂತ ಗೊತ್ತಾಯ್ತದೆ."