ಜಾಲಿ ಮುಳ್ಳು ಮತ್ತು ಎಮ್ಮೆ ಹಿಂಡುವ ಕೈ

ಗೆಳೆಯರೇ, ಎಂಥ ನೋವಿಗೂ ಸೊಲ್ಲೆತ್ತದ ಗಂಡಸು ನಾನು ಅಂತ ನಮ್ಮೂರು ದೇಶನೂರಿಗೆಲ್ಲ ಗೊತ್ತು. ಇವತ್ತು ಬಳ್ಳಾರಿಯ ಆಸ್ಪತ್ರೆಯಲ್ಲಿ ಆ ಹೆಸರು ಮಣ್ಣುಪಾಲಾಯಿತು.

ಅಂಗಾಲಿನಲ್ಲಿ ಮುರಿದಿದ್ದ ಜಾಲಿ ಮುಳ್ಳು ತೆಗೆಯಲು ನೋವು ತಿಳಿಯದಂತೆ ಚುಚ್ಚುವ ಸೂಜಿ ಬೇಡವೆಂದೆ. ಅಲ್ಲೇ ನರ್ಸ್ ಆಗಿರುವ ತಂಗಿಯ ಮಗಳು ನನ್ನ ಹೆಂಡತಿಯನ್ನು ಕರೆದಳು.

"ಅತ್ತಿ, ಮಾಮನ ಕೈ ಹಿಡ್ಕೋರಿ. ಪ್ರೀತಿಯವರು ಮುಟ್ಟಿದ್ರ ಮೈಯಾಗ ಆಕ್ಸಿಟೋಸಿನ್ ಬರ್ತೈತಿ, ನೋವು ಕಮ್ಮಿ ಆಗ್ತೈತಿ."

"ಎಮ್ಮಿ ಹಾಲು ಇಳಸಾಕ ಕದ್ದು ಚುಚ್ಚತಾರಲ್ಲ, ಅದೇನವ್ವಾ?"

"ಅದಾ ಮಾಮ. ಸುಮ್ನ ಮಲಕೋರಿ."

ದಿನಾ ಎರಡು ಎಮ್ಮೆ ಹಿಂಡುವ ಕೈ ನನ್ನ ಬಲಗೈಯನ್ನು ಹಿಡಿಯಿತು. ಮುಳ್ಳು ಹೊರಬಂದದ್ದೇ ತಿಳಿಯಲಿಲ್ಲ. ಬೆರಳು ನಜ್ಜುಗುಜ್ಜಾಗಿ "ಯವ್ವಾ!" ಎಂದು ಇಡೀ ವಾರ್ಡಿಗೆ ಕೇಳುವಂತೆ ಚೀರಿದೆ.

"ಮುಳ್ಳಿಗಲ್ಲ, ಈಕಿ ಹಿಡಿತಕ್ಕ ಚೀರಿದೆ" ಎಂದರೆ ಯಾರು ನಂಬಬೇಕು?

"ನೋಡ್ರಿ ಅತ್ತಿ, ನೀವು ಹಿಡೀಲಿಲ್ಲಂದ್ರ ಇನ್ನೆಷ್ಟು ಚೀರತಿದ್ರೋ!" ಎಂದಳು ಹುಡುಗಿ. ಹೆಂಡತಿ ಬಸ್ಸಿನ ತುಂಬ ಅದನ್ನೇ ಹೇಳುತ್ತ ಬಂದಳು.

ಎಡಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಬಲಗೈಯ ಊದಿದ ಬೆರಳಿಗೆ ಅವಳೇ ಎಣ್ಣೆ ತಿಕ್ಕುತ್ತಿದ್ದಾಳೆ. ನೋವು ನಿಜಕ್ಕೂ ಇಳಿಯುತ್ತಿದೆ. ದಯವಿಟ್ಟು ಯಾರೂ ಆ ನರ್ಸಮ್ಮನಿಗೆ ಹೇಳಬೇಡಿ.